ಮೂಸ್ ತೊಗಲು ಹದ ಮಾಡುವ ಕ್ರೀ ಕ್ರಮ: ಹಸಿ ತೊಗಲಿನಿಂದ ಕೈಗವಸಿನವರೆಗೆ

ಈ ಕೆಲಸಕ್ಕೆ ಬೇಕಾಗುವ ಸಾಮಾನಿನ ಪಟ್ಟಿ ತುಂಬಾ ಚಿಕ್ಕದು. ಒಂದು ತೊಗಲು, ಒಂದು ಕಾಲಿನ ಎಲುಬು, ನಾಲ್ಕು ಮರದ ಗಳ, ಒಂದು ಮಿದುಳು, ಒಂದು ಚೀಲ ಕೊಳೆತ ಮರ. ಅಷ್ಟೇ. ಅಂಗಡಿಯಲ್ಲಿ ಸಿಗದಿರುವುದು ಒಂದೇ: ನಿಮ್ಮ ಜೊತೆ ತೊಗಲು ಎಳೆಯೋಕೆ ಐದಾರು ಜನ. ಅದನ್ನು ಮೊದಲು ಹೊಂದಿಸಿಕೊಳ್ಳಿ. ಉಳಿದದ್ದು ಆಮೇಲೆ.

ಮೂಸ್ ಅಂದರೆ ಜಿಂಕೆ ಜಾತಿಯಲ್ಲೇ ಅತಿ ದೊಡ್ಡ ಪ್ರಾಣಿ. ಗಂಡು 500 ಕೆಜಿ ದಾಟುವುದೂ ಉಂಟು. ನಮ್ಮ ಕಾಡಿನ ಕಡವೆ ಅದರ ಪಕ್ಕ ನಿಂತರೆ ಮರಿ ಅನ್ನಿಸುತ್ತದೆ. ಕ್ರೀ ಭಾಷೆಯಲ್ಲಿ ಅದರ ಹೆಸರು ಮೋಸ್ವ. ಮೂಸ್ ಅನ್ನೋ ಇಂಗ್ಲಿಷ್ ಹೆಸರೂ ಇದೇ ಭಾಷಾ ಕುಟುಂಬದಿಂದ ಹೋದದ್ದು. ಕ್ರೀ ಜನ ಕೆನಡಾದ ದೊಡ್ಡ ಮೂಲನಿವಾಸಿ ಸಮುದಾಯಗಳಲ್ಲಿ ಒಬ್ಬರು. ಪೂರ್ವದಲ್ಲಿ ಕ್ವಿಬೆಕ್‌ನ ಜೇಮ್ಸ್ ಕೊಲ್ಲಿಯಿಂದ ಪಶ್ಚಿಮದಲ್ಲಿ ಆಲ್ಬರ್ಟಾದವರೆಗೆ ಅವರ ಊರುಗಳಿವೆ. 2021ರ ಜನಗಣತಿಯಲ್ಲಿ 80 ಸಾವಿರಕ್ಕೂ ಹೆಚ್ಚು ಜನ ಕ್ರೀ ಮಾತಾಡಬಲ್ಲೆವು ಎಂದಿದ್ದಾರೆ. ಹದವಾದ ತೊಗಲಿಗೆ ಬಯಲುಸೀಮೆಯ ಕ್ರೀಯಲ್ಲಿ ಪಹ್ಕೇಕಿನ್ ಅನ್ನುತ್ತಾರೆ.

ನಾನು ಇದನ್ನು ಕಲಿತದ್ದು ಸಸ್ಕಾಚೆವನ್ ಪ್ರಾಂತ್ಯದ ಉತ್ತರದ ಒಂದು ಕೆರೆಯ ದಂಡೆಯಲ್ಲಿ, ಎರಡು ವಾರದ ತೊಗಲು ಶಿಬಿರದಲ್ಲಿ. ಕಲಿಸಿದವರು ಎಪ್ಪತ್ತು ದಾಟಿದ ಅಜ್ಜಿ. ಅಲ್ಲಿ ಅಜ್ಜಿಗೆ ಕೋಕಮ್ ಅನ್ನುತ್ತಾರೆ, ಹಾಗಾಗಿ ನಾನೂ ಕೋಕಮ್ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ನೋಸಿಸಿಮ್, ಅಂದರೆ ಮೊಮ್ಮಗು, ಎಂದು ಕರೆಯುತ್ತಿದ್ದರು. ಕೆಳಗೆ ಬರೆದಿರುವುದು ಅವರ ಮನೆಯ ಕ್ರಮ. ಪಕ್ಕದ ಊರಿಗೆ ಹೋದರೆ ಎರಡು ಹಂತ ಹಿಂದೆ ಮುಂದೆ ಆಗಿರುತ್ತದೆ. ನಮ್ಮ ಸಾರಿನ ಹಾಗೆ ಅಲ್ವಾ, ಮನೆಗೊಂದು ಕ್ರಮ.

ತೊಗಲು ತರುವುದು

ಬೇಟೆಯ ಕಾಲ ಮುಖ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್. ಬೇಟೆಗಾರರಿಗೆ ಮೊದಲೇ ಹೇಳಿಡಬೇಕು: ತೊಗಲು ಕಾಡಿನಲ್ಲೇ ಬಿಟ್ಟು ಬರಬೇಡಿ, ತಲೆಯೂ ಬೇಕು, ಸುಲಿಯುವಾಗ ಚಾಕು ತಾಗಿಸಬೇಡಿ. ಸುಲಿಯುವಾಗ ಬಿದ್ದ ಒಂದು ಸಣ್ಣ ಗೀರು ಆಮೇಲೆ ಎಳೆಯುವಾಗ ಬಾಯಿ ತೆರೆದು ಅಂಗೈ ಅಗಲದ ತೂತಾಗುತ್ತದೆ. ಹಸಿ ತೊಗಲು ಎತ್ತೋಕೆ ಇಬ್ಬರು ಬೇಕು. ಅದೇ ದಿನ ಕೆಲಸ ಶುರು ಮಾಡೋಕೆ ಆಗದಿದ್ದರೆ ಮಡಚಿ ಫ್ರೀಜರ್‌ಗೆ ಹಾಕಿ.

ಹಿರಿಯರ ಹತ್ತಿರ ಕಲಿಸಿ ಎಂದು ಕೇಳಲು ಹೋಗುವಾಗ ಹೊಗೆಸೊಪ್ಪು ಒಯ್ಯುವುದು ಅಲ್ಲಿನ ರೀತಿ. ನಮ್ಮಲ್ಲಿ ಎಲೆ ಅಡಿಕೆ ಇಟ್ಟು ಕೇಳುವ ಹಾಗೆ. ಅವರು ಅದನ್ನು ತೆಗೆದುಕೊಂಡರೆ ಒಪ್ಪಿದರು ಎಂದರ್ಥ. ಪ್ರಾಣ ಕೊಟ್ಟ ಪ್ರಾಣಿಗೂ ಬೇಟೆಗಾರ ಒಂದು ಚಿಟಿಕೆ ಇಟ್ಟಿರುತ್ತಾನೆ.

ಮಾಂಸದ ಪೊರೆ ತೆಗೆಯುವುದು

ತೊಗಲನ್ನು ಎದೆ ಎತ್ತರದ ಮರದ ದಿಮ್ಮಿಯ ಮೇಲೆ ಹಾಕಿ, ಮಾಂಸದ ಬದಿ ಮೇಲಕ್ಕೆ. ಇಲ್ಲಿ ಬಳಸುವ ಉಳಿಯನ್ನು ಮೂಸ್‌ನದೇ ಕಾಲಿನ ಕೆಳಗಿನ ಎಲುಬಿನಿಂದ ಮಾಡುತ್ತಾರೆ. ಎಲುಬನ್ನು ಓರೆಯಾಗಿ ಕತ್ತರಿಸಿ, ಆ ಅಂಚಿಗೆ ಸಣ್ಣ ಸಣ್ಣ ಹಲ್ಲು ಕೊರೆದಿರುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮಮ್ಮನ ತೆಂಗಿನಕಾಯಿ ತುರಿಮಣೆ. ಅದೇ ಹಲ್ಲು, ಅದೇ ಬಾಗು. ಹಿಡಿಯ ಕಡೆ ಒಂದು ತೊಗಲಿನ ಪಟ್ಟಿ ಇರುತ್ತದೆ. ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡರೆ ಕೈ ಜಾರುವುದಿಲ್ಲ, ಬಲವೂ ತೋಳಿನಿಂದ ಬರುತ್ತದೆ.

ಅಂಚಿನಲ್ಲಿ ಸ್ವಲ್ಪ ಪೊರೆ ಬಿಡಿಸಿ, ಎಡಗೈಯಲ್ಲಿ ಅದನ್ನು ಬಿಗಿಯಾಗಿ ಹಿಡಿಯಿರಿ. ಬಲಗೈಯಿಂದ ಎಲುಬನ್ನು ಮೇಲಿನಿಂದ ಕೆಳಕ್ಕೆ, ಪೊರೆಗೂ ತೊಗಲಿಗೂ ನಡುವೆ, ಕುಟ್ಟುತ್ತಾ ತಳ್ಳಿ. ಕತ್ತರಿಸೋಕೆ ಹೋಗಬೇಡಿ. ಹಲಸಿನ ಹಣ್ಣಿನ ತೊಳೆ ಬಿಡಿಸುವ ಹಾಗೆ, ಎಲ್ಲಿ ತಾನಾಗೇ ಬಿಡುತ್ತದೋ ಅಲ್ಲಿಗೆ ಬಲ ಹಾಕಬೇಕು. ಸರಿಯಾಗಿ ಮಾಡಿದರೆ ಪೊರೆ ಒಂದೇ ಹಾಳೆಯಾಗಿ ಬರುತ್ತದೆ, ಒಂದು ಒದ್ದೆ ಶಬ್ದ ಮಾಡಿಕೊಂಡು. ಕೋಕಮ್ ಅರ್ಧ ಗಂಟೆಯಲ್ಲಿ ಬಿಡಿಸಿದಷ್ಟು ಜಾಗಕ್ಕೆ ನನಗೆ ಮಧ್ಯಾಹ್ನದವರೆಗೆ ಹಿಡಿಯಿತು. "ನೋಸಿಸಿಮ್, ನಿನ್ನದು ಕೀಬೋರ್ಡ್ ಕೈ," ಎಂದು ನಕ್ಕರು. ಪೊರೆ ಒಣಗಿಬಿಟ್ಟರೆ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಆಗಾಗ ನೀರು ಚಿಮುಕಿಸಿ.

ಕೈಗೆ ಗೀರು ಗಾಯ ಇದ್ದರೆ ಗ್ಲೌಸ್ ಹಾಕಿಕೊಳ್ಳಿ. ಇದು ಹಸಿ ಮಾಂಸದ ಕೆಲಸ, ಮರೆಯಬೇಡಿ.

ಕೂದಲು ತೆಗೆದು ಚೌಕಟ್ಟಿಗೆ ಬಿಗಿಯುವುದು

ಉದ್ದ ಕೂದಲನ್ನು ಚಾಕುವಿನಿಂದ ಬೋಳಿಸಿಬಿಡಿ. ಕೆಲವು ಮನೆಗಳಲ್ಲಿ ಕೆಲವು ದಿನ ನೀರಿನಲ್ಲಿ ನೆನೆಹಾಕಿ, ಬುಡ ಸಡಿಲವಾದ ಮೇಲೆ ಕೆರೆಯುತ್ತಾರೆ. ನೆನೆಹಾಕಿದರೆ ವಾಸನೆ ಬರುತ್ತದೆ, ಸುಮ್ನೆ ಹೇಳಿಬಿಡುತ್ತೇನೆ, ಜಾಸ್ತಿಯೇ ಬರುತ್ತದೆ.

ನಾಲ್ಕು ಗಟ್ಟಿ ಗಳ ಕಟ್ಟಿ ಚೌಕಟ್ಟು ಮಾಡಿ. ಒಂದೊಂದು ಬದಿಯೂ ತೊಗಲಿಗಿಂತ ಒಂದೆರಡು ಅಡಿ ದೊಡ್ಡದಿರಲಿ. ತೊಗಲಿನ ಅಂಚಿನುದ್ದಕ್ಕೂ ಅಂಗೈ ಅಗಲಕ್ಕೊಂದು ತೂತು ಮಾಡಿ, ಹಗ್ಗ ಪೋಣಿಸಿ. ಮೊದಲು ನಾಲ್ಕು ಮೂಲೆ, ಆಮೇಲೆ ಬದಿಗಳು. ಹಗ್ಗದ ಮಂಚ ಬಿಗಿಯುವ ಹಾಗೆ ಎದುರು ಬದುರು ಎಳೆಯುತ್ತಾ ಹೋಗಬೇಕು. ಒಂದೇ ಕಡೆ ಎಳೆದರೆ ತೊಗಲು ಸೊಟ್ಟಗಾಗುತ್ತದೆ. ಒಂದು ರಾತ್ರಿ ಒಣಗಿದ ಮೇಲೆ ಬೆರಳಲ್ಲಿ ತಟ್ಟಿ ನೋಡಿ, ತಮಟೆಯ ಹಾಗೆ ದನಿ ಕೊಡಬೇಕು.

ಈಗ ಹೆರೆಯುವ ಕೆಲಸ. ಇದಕ್ಕೆ ಬಾಚಿಯ ಆಕಾರದ, ತುದಿಗೆ ಕಬ್ಬಿಣದ ಅಲಗು ಇರುವ ಹತಾರ. ಕೂದಲಿನ ಬದಿಯಲ್ಲಿ ಮೇಲ್ಪದರ ಒಂದಿರುತ್ತದೆ, ಕಂದು ಬಣ್ಣದ್ದು. ಅದು ಪೂರ್ತಿ ಹೋಗಿ ಬಿಳಿ ಕಾಣಬೇಕು. ಅದು ಉಳಿದುಕೊಂಡ ಕಡೆ, ಆಮೇಲೆ ಹಚ್ಚುವ ಮಿದುಳಿನ ಕೊಬ್ಬು ಒಳಗೆ ಇಳಿಯುವುದಿಲ್ಲ. ಆಮೇಲೆ ಒಳಬದಿಯನ್ನೂ ಹೆರೆಯಿರಿ. ಕುತ್ತಿಗೆ ಮತ್ತು ಬೆನ್ನಿನ ಭಾಗ ದಪ್ಪ, ಅಲ್ಲಿ ಜಾಸ್ತಿ ತೆಗೆಯಬೇಕು. ಹೊಟ್ಟೆ ತೆಳು, ಅಲ್ಲಿ ಹುಷಾರು. ಕೋಕಮ್ ತೊಗಲಿನ ಹಿಂದೆ ಸೂರ್ಯ ಬರುವ ಹಾಗೆ ಚೌಕಟ್ಟು ತಿರುಗಿಸಿ ನಿಲ್ಲಿಸುತ್ತಿದ್ದರು. ಬೆಳಕು ಎಲ್ಲಿ ಮಂಕಾಗಿದೆಯೋ ಅಲ್ಲಿ ಇನ್ನೂ ದಪ್ಪ ಇದೆ ಎಂದು ಲೆಕ್ಕ. ಎರಡು ಮೂರು ದಿನದ ಕೆಲಸ ಇದು. ಒಬ್ಬರು ದಣಿದಾಗ ಇನ್ನೊಬ್ಬರು ಹತಾರ ಹಿಡಿಯುತ್ತಾರೆ, ಕೆಲಸ ನಿಲ್ಲುವುದಿಲ್ಲ, ಚಹಾದ ಕೆಟಲ್ಲೂ ಒಲೆಯಿಂದ ಇಳಿಯುವುದಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ತೊಗಲನ್ನು ಹೆರೆಯುವುದು ಇನ್ನೂ ಸುಲಭ ಅನ್ನುವವರಿದ್ದಾರೆ. ಮೈನಸ್ 30 ಡಿಗ್ರಿಯಲ್ಲಿ ಹೊರಗೆ ನಿಂತು ಅದನ್ನು ಪರೀಕ್ಷೆ ಮಾಡುವ ಧೈರ್ಯ ನನಗೆ ಬರಲಿಲ್ಲ.

ಹೆರೆಯುವಾಗಲೇ ಕೋಕಮ್ ಹಳೆಯ ಮಾತು ತೆಗೆದದ್ದು. ಸರ್ಕಾರದ ವಸತಿ ಶಾಲೆಗೆ ಅವರನ್ನು ಒಯ್ದದ್ದು ಒಂದು ಸೆಪ್ಟೆಂಬರಿನಲ್ಲಿ. ಕೆನಡಾ ಸರ್ಕಾರ 1920ರಲ್ಲಿ ಕಾನೂನು ತಿದ್ದಿ 7ರಿಂದ 15 ವರ್ಷದ ಮೂಲನಿವಾಸಿ ಮಕ್ಕಳು ಶಾಲೆಗೆ ಬರಲೇಬೇಕು ಎಂದು ಕಡ್ಡಾಯ ಮಾಡಿತು. ಒಟ್ಟು 1,50,000ಕ್ಕೂ ಹೆಚ್ಚು ಮಕ್ಕಳು ಮನೆಯಿಂದ ದೂರದ ಈ ಶಾಲೆಗಳಿಗೆ ಹೋದರು. ಅಲ್ಲಿ ತಾಯಿಮಾತು ಆಡಿದರೆ ಶಿಕ್ಷೆ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಇದನ್ನೆಲ್ಲ ನಾನು ಓದಿದ್ದೆ. ಆದರೆ ಕ್ಯಾಲೆಂಡರ್ ಕಡೆ ನನ್ನ ಗಮನ ಹೋಗಿರಲಿಲ್ಲ. ಶಾಲೆ ಶುರುವಾಗುವುದು ಸೆಪ್ಟೆಂಬರಿನಲ್ಲಿ, ಮಕ್ಕಳು ಮನೆಗೆ ಬರುವುದು ಬೇಸಿಗೆಗೆ. ಬೇಟೆ ಬಿದ್ದು, ತೊಗಲು ಬಂದು, ಮನೆಯವರೆಲ್ಲ ಸೇರಿ ಕೆಲಸ ಮಾಡುವ ತಿಂಗಳುಗಳಲ್ಲೇ ಮಕ್ಕಳು ಮನೆಯಲ್ಲಿ ಇಲ್ಲ. ಯಾರೂ ತೊಗಲು ಹದ ಮಾಡಬೇಡಿ ಎಂದು ಹೇಳಬೇಕಾಗಿಯೇ ಇರಲಿಲ್ಲ. ಕಲಿಯುವ ಕೈಗಳನ್ನು ಆ ಕಾಲಕ್ಕೆ ಸರಿಯಾಗಿ ಎತ್ತಿಕೊಂಡು ಹೋದರೆ ಸಾಕಿತ್ತು. ಕೋಕಮ್ ತೊಗಲಿನ ಕೆಲಸ ಕಲಿತದ್ದು ಮದುವೆಯಾದ ಮೇಲೆ, ಗಂಡನ ಚಿಕ್ಕಮ್ಮನ ಹತ್ತಿರ.

ಈಗ ಕೆಲವು ಕಡೆ ಕ್ಯಾಲೆಂಡರ್ ತಿರುಗಿದೆ. ಜೇಮ್ಸ್ ಕೊಲ್ಲಿಯ ಕ್ರೀ ಜನ ಸರ್ಕಾರದ ಜೊತೆ ಮಾಡಿಕೊಂಡ 1975ರ ಒಪ್ಪಂದದ ನಂತರ ತಮ್ಮದೇ ಶಾಲಾ ಮಂಡಳಿ ಕಟ್ಟಿಕೊಂಡರು. ಅವರ ಶಾಲೆಗಳಲ್ಲಿ ವಸಂತಕ್ಕೆ ಹೆಬ್ಬಾತು ಬೇಟೆಯ ರಜೆ, ಶರತ್ಕಾಲಕ್ಕೆ ಮೂಸ್ ರಜೆ. ಶಾಲೆಯೇ ಮಕ್ಕಳನ್ನು ಕಾಡಿಗೆ ಕಳಿಸಿಕೊಡುತ್ತದೆ.

ಮಿದುಳು ಹಚ್ಚುವುದು

ಪ್ರತಿ ಪ್ರಾಣಿಗೂ ತನ್ನ ತೊಗಲು ಹದ ಮಾಡುವಷ್ಟು ಮಿದುಳು ಇರುತ್ತದೆ ಎಂಬ ಮಾತು ಆ ಖಂಡದಲ್ಲೆಲ್ಲ ಚಾಲ್ತಿಯಲ್ಲಿದೆ. ಮಿದುಳಿನಲ್ಲಿ ಕೊಬ್ಬೂ ಇದೆ, ಆ ಕೊಬ್ಬನ್ನು ನೀರಿನ ಜೊತೆ ಬೆರೆಸುವ ಲೆಸಿಥಿನ್ ಕೂಡ ಇದೆ. ಹಾಗಾಗಿ ಅದು ತೊಗಲಿನ ಎಳೆ ಎಳೆಗೂ ಇಳಿಯುತ್ತದೆ, ಒಣಗುವಾಗ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳಲು ಬಿಡುವುದಿಲ್ಲ. ನಮ್ಮ ಕಡೆ ಹಳೆಯ ಕ್ರಮದಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಿದ್ದರು. ಅಲ್ಲಿ ಕೆಲಸ ಮಾಡುವುದು ಒಗರು. ಇಲ್ಲಿ ಕೊಬ್ಬು ಮತ್ತು ಹೊಗೆ.

ಮಿದುಳನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ, ಕೈಯಲ್ಲೇ ಹಿಸುಕಿ ಗಂಜಿಯ ಹದಕ್ಕೆ ತನ್ನಿ. ತಣ್ಣಗಾಗಲಿ. ಕೈ ಇಟ್ಟರೆ ಹಿತವಾಗುವಷ್ಟೇ ಬಿಸಿ ಇರಬೇಕು. ಕುದಿಯುವ ನೀರು ತಾಗಿದರೆ ತೊಗಲು ಬೆಂದು ಮುದುಡಿಕೊಳ್ಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಎರಡೂ ಬದಿಗೆ ಚೆನ್ನಾಗಿ ಉಜ್ಜಿ, ತೊಗಲನ್ನು ಮಡಚಿ ರಾತ್ರಿಯಿಡೀ ಬಿಡಿ. ಅಥವಾ ಬೆಚ್ಚಗಿನ ನೀರಿಗೆ ಮಿದುಳು ಕದಡಿ ಅದರಲ್ಲೇ ಮುಳುಗಿಸಿ. ಇದಕ್ಕೂ ಮೊದಲು ತೊಗಲಿಗೆ ಲಘುವಾಗಿ ಒಂದು ಸಲ ಹೊಗೆ ಹಾಕುವ ಮನೆಗಳೂ ಇವೆ. ಹಾಗೆ ಮಾಡಿದರೆ ಕೊಬ್ಬು ಬೇಗ ಇಳಿಯುತ್ತದೆ.

ಒಂದು ಎಚ್ಚರಿಕೆ. ಸಸ್ಕಾಚೆವನ್, ಆಲ್ಬರ್ಟಾ ಕಡೆ ಜಿಂಕೆ ಜಾತಿಗೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ರೋಗ ಇದೆ. ಬೇಯಿಸಿದರೂ ಅದು ಸಾಯುವಂಥದ್ದಲ್ಲ. ರೋಗ ಇರುವ ಪ್ರದೇಶದ ಪ್ರಾಣಿಯಾದರೆ ತಲೆ ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಿದುಳು ಮುಟ್ಟಬೇಡಿ. ಬದಲಿಗೆ ಮೊಟ್ಟೆಯ ಹಳದಿ ಆಗುತ್ತದೆ. ಬಾರ್ ಸೋಪು ತುರಿದು ಹಂದಿ ಕೊಬ್ಬಿನ ಜೊತೆ ಕದಡಿ ಬಳಸುವ ಅಜ್ಜಿಯರೂ ಇದ್ದಾರೆ.

ಹಿಂಡುವುದು, ಎಳೆಯುವುದು

ಪೂರ್ತಿ ಕೆಲಸದ ತಿರುಳು ಇದು. ಬಹಳ ಜನ ಸೋಲುವುದೂ ಇಲ್ಲೇ.

ಮೊದಲು ತೂತುಗಳನ್ನು ಹೊಲಿಯಿರಿ. ಪ್ರಾಣಿಯ ಬೆನ್ನಿನ ನಾರಿನಿಂದ ಮಾಡಿದ ದಾರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗಟ್ಟಿ ನೂಲು. ಆಮೇಲೆ ತೊಗಲನ್ನು ಅಡ್ಡ ಗಳದ ಮೇಲೆ ಹಾಕಿ, ಎರಡು ತುದಿ ಸೇರಿಸಿ ಉಂಗುರ ಮಾಡಿ, ಅದರೊಳಗೆ ಒಂದು ದೊಣ್ಣೆ ತೂರಿಸಿ ತಿರುಚಿ. ಒದ್ದೆ ಕಂಬಳಿ ಹಿಂಡಿದ ಹಾಗೆ. ಇಬ್ಬರು ತಿರುಚಬೇಕು, ಮೂರನೆಯವರು ಸುರುಳಿಯ ಮಡಿಕೆ ಬಿಡಿಸುತ್ತಾ ನೀರು ಒರೆಸಬೇಕು. ಒಂದು ಕಡೆ ಹಿಂಡಿದ ಮೇಲೆ ಬಿಚ್ಚಿ, ಇನ್ನೊಂದು ಕಡೆಗೆ.

ಈಗ ಎಳೆಯುವುದು. ಎಲ್ಲರೂ ಸುತ್ತ ನಿಂತು ಅಂಚು ಹಿಡಿದು ಹಿಂದಕ್ಕೆ ಒರಗಿ. ಕೈಯ ಬಲ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮೈ ಭಾರ ಮುಗಿಯುವುದಿಲ್ಲ. ಎಳೆದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಮತ್ತೆ ಎಳೆಯಿರಿ. ನಮ್ಮ ಗುಂಪಿನಲ್ಲಿ ಕೋಕಮ್‌ರ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಳಿಯ, ಹದಿಮೂರು ವರ್ಷದ ಮೊಮ್ಮಗ, ನಾನು. ಹುಡುಗ ಮೊದಲು ಫೋನ್ ನೋಡಿಕೊಂಡು ಕೂತಿದ್ದ. ಒಂದು ಬದಿಗೆ ಜನ ಕಡಿಮೆ ಬಿದ್ದು ತೊಗಲು ಓರೆಯಾದಾಗ ಯಾರೂ ಏನೂ ಹೇಳಲಿಲ್ಲ, ಅವನೇ ಎದ್ದು ಬಂದ. ಒಂದು ಗಂಟೆ ಕಳೆಯುವಷ್ಟರಲ್ಲಿ ತೊಗಲು ಎಳೆದು ತನ್ನ ಅಪ್ಪನನ್ನೇ ಬೀಳಿಸುವ ಆಟ ಶುರು ಮಾಡಿದ್ದ.

ಎಷ್ಟು ಹೊತ್ತು ಎಳೆಯಬೇಕು? ಪೂರ್ತಿ ಒಣಗುವವರೆಗೆ. ನಡುವೆ ಬಿಟ್ಟು ಊಟಕ್ಕೆ ಹೋದರೆ ಬಂದು ನೋಡುವಷ್ಟರಲ್ಲಿ ಹಲಗೆಯಾಗಿರುತ್ತದೆ. ಒಣಗಿದೆಯಾ ಎಂದು ಕೈಯಿಂದ ಗೊತ್ತಾಗುವುದಿಲ್ಲ, ಕೈ ಆಗಲೇ ಮರಗಟ್ಟಿರುತ್ತದೆ. ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ಪಸೆ ಇದೆ. ಕೋಕಮ್ ಕಣ್ಣು ಮುಚ್ಚಿ ತೊಗಲಿನುದ್ದಕ್ಕೂ ಕೆನ್ನೆ ಆಡಿಸಿ, ಕುತ್ತಿಗೆಯ ಹತ್ತಿರ ಒಂದು ಕಡೆ ಬೆರಳಿಟ್ಟು "ಇಲ್ಲಿ" ಎಂದರು. ಅಷ್ಟು ಜಾಗವನ್ನು ಬಿಗಿದ ಹಗ್ಗಕ್ಕೆ ಹಿಂದೆ ಮುಂದೆ ಉಜ್ಜಿ ಮೆತ್ತಗೆ ಮಾಡಿದೆವು.

ಒಂದೇ ಸಲಕ್ಕೆ ಆಗುತ್ತದೆ ಎಂದುಕೊಳ್ಳಬೇಡಿ. ಗಟ್ಟಿ ಉಳಿದರೆ ಮತ್ತೆ ಮಿದುಳಿನ ನೀರು, ಮತ್ತೆ ಹಿಂಡು, ಮತ್ತೆ ಎಳೆ. ನಮ್ಮದು ಮೂರು ಸಲ ಆಯಿತು. ಮೂರನೆಯ ಸಲ ಅದು ಹಳೆಯ ಫ್ಲ್ಯಾನೆಲ್ ಹೊದಿಕೆಯಷ್ಟು ಮೆತ್ತಗೆ, ಹಾಲಿನಷ್ಟು ಬೆಳ್ಳಗೆ ಕೈಗೆ ಬಂತು.

ಹೊಗೆ

ಬಿಳಿ ತೊಗಲು ನೋಡಲು ಚೆಂದ, ಆದರೆ ಒಂದು ಮಳೆಗೆ ಮತ್ತೆ ಹಲಗೆ. ಹೊಗೆಯಲ್ಲಿರುವ ಆಲ್ಡಿಹೈಡ್ ಎಂಬ ರಾಸಾಯನಿಕಗಳು ತೊಗಲಿನ ಎಳೆಗಳನ್ನು ಒಳಗಿಂದ ಕಟ್ಟುತ್ತವೆ, ಆಮೇಲೆ ನೆನೆದರೂ ಒಣಗಿದ ಮೇಲೆ ಮೆತ್ತಗಿರುತ್ತದೆ.

ತೊಗಲನ್ನು ಎರಡಾಗಿ ಮಡಚಿ ಬದಿ ಹೊಲಿದು ಚೀಲ ಮಾಡಿ. ಬಾಯಿಗೆ ಒಂದು ಕ್ಯಾನ್‌ವಾಸ್ ಬಟ್ಟೆ ಲಂಗದ ಹಾಗೆ ಹೊಲಿಯಿರಿ, ತೊಗಲು ಕೆಂಡದಿಂದ ದೂರ ಇರಲಿ. ಮೂರು ಗಳದ ಕೆಳಗೆ ತೂಗುಹಾಕಿ. ಕೆಳಗಿನ ಗುಂಡಿಯಲ್ಲಿ ಕೆಂಡ ಹರಡಿ, ಮೇಲೆ ಕೊಳೆತು ಚೆನ್ನಾಗಿ ಒಣಗಿದ ಸ್ಪ್ರೂಸ್ ಮರ ಹಾಕಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂಥದ್ದು. ಹಸಿ ಮರ, ರಾಳ ಇರುವ ಮರ ಬೇಡ. ಹೊಗೆ ಬರಬೇಕು, ಉರಿ ಬರಬಾರದು.

ಒಬ್ಬರು ಅಲ್ಲೇ ಕೂತಿರಬೇಕು. ಇದು ಮಾತಿಗೆ ಹೇಳುವುದಲ್ಲ. ನಮ್ಮಲ್ಲಿ ಕಾವಲು ನನ್ನದಾಗಿತ್ತು. ಸೌದೆ ತರಲು ಎದ್ದು ಹೋಗಿ ಬರುವಷ್ಟರಲ್ಲಿ ಗುಂಡಿಯಲ್ಲಿ ಕಿತ್ತಳೆ ನಾಲಿಗೆ ಎದ್ದಿತ್ತು. ಹುಡುಗ ನೋಡಿ ಓಡಿ ಬಂದು ಮಣ್ಣು ಎರಚಿದ. ಕ್ಯಾನ್‌ವಾಸ್ ಸುಟ್ಟಿತು, ತೊಗಲು ಉಳಿಯಿತು. ಹತ್ತು ದಿನದ ಕೆಲಸ ಹತ್ತು ಸೆಕೆಂಡಿನಲ್ಲಿ ಹೋಗುತ್ತಿತ್ತು.

ಕೆಲವು ಗಂಟೆಗಳ ನಂತರ ಒಳಹೊರಗು ಮಾಡಿ ಇನ್ನೊಂದು ಬದಿಗೂ ಹೊಗೆ ಹಾಕಿ. ಜೇನಿನ ಬಣ್ಣಕ್ಕೆ ನಿಲ್ಲಿಸಬಹುದು, ಬೆಲ್ಲದ ಬಣ್ಣದವರೆಗೂ ಹೋಗಬಹುದು. ವಾಸನೆ ವರ್ಷಗಟ್ಟಲೆ ಉಳಿಯುತ್ತದೆ. ಆ ವಾಸನೆ ಬಂದರೆ ಅಲ್ಲಿನವರಿಗೆ ಅಜ್ಜಿಯ ಮನೆ ನೆನಪಾಗುತ್ತದೆ. ನನಗೆ ನೆನಪಾದದ್ದು ನಮ್ಮ ಹಳ್ಳಿಮನೆಯ ಬಚ್ಚಲ ಒಲೆ.

ಹೊಲಿಯುವುದು

ಇಲ್ಲಿಗೆ ಬೇರೆಯದೇ ಒಂದು ವಿದ್ಯೆ ಶುರುವಾಗುತ್ತದೆ, ಪೂರ್ತಿ ಬರೆಯಲು ಇನ್ನೊಂದು ಲೇಖನವೇ ಬೇಕು. ಬೆನ್ನಿನ ದಪ್ಪ ಭಾಗ ಮೊಕಾಸಿನ್ ಪಾದರಕ್ಷೆಯ ಅಡಿಗೆ, ಹೊಟ್ಟೆಯ ತೆಳು ಭಾಗ ಮಣಿ ಕೂರಿಸುವ ಮೇಲ್ಭಾಗಕ್ಕೆ. ಹೊಸಬರು ಕೈಗವಸಿನಿಂದ ಶುರು ಮಾಡಿ. ಅಂದ ಹಾಗೆ, ಕ್ರೀ ವ್ಯಾಕರಣದಲ್ಲಿ ಹೆಸರುಪದಗಳು ಎರಡು ಬಗೆ, ಜೀವ ಇರುವವು ಮತ್ತು ಇಲ್ಲದವು. ಪಾದರಕ್ಷೆ, ಮಸ್ಕಿಸಿನ್, ಜೀವ ಇಲ್ಲದ್ದು. ಕೈಗವಸು, ಅಸ್ತಿಸ್, ಜೀವ ಇರುವ ಸಾಲಿಗೆ ಸೇರಿದ್ದು.

ಚೂರುಗಳನ್ನೂ ಬಿಸಾಡುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕ್ಯಾರಿಯರ್ ಎಂಬ ಮೂಲನಿವಾಸಿ ಸಮುದಾಯದ ಪಾಲ್ ಲಾಸರ್ಟ್ ಮತ್ತು ಮಗಳು ರೇವನ್ 2011ರಲ್ಲಿ, ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಮೂಸ್ ತೊಗಲಿನ ಚಿಕ್ಕ ಚೌಕದ ತುಂಡನ್ನು ಎದೆಗೆ ಸಿಕ್ಕಿಸಿಕೊಳ್ಳುವ ಅಭಿಯಾನ ಶುರು ಮಾಡಿದರು. ಈಗ ಲಕ್ಷಗಟ್ಟಲೆ ಜನ ಅದನ್ನು ಧರಿಸುತ್ತಾರೆ.

ನಮ್ಮ ಊರಿನಲ್ಲಿ ಮಾಡಬಹುದಾ?

ಜಿಂಕೆ, ಕಡವೆಯ ತೊಗಲು ಮುಟ್ಟಲೇಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮಟನ್ ಅಂಗಡಿಯಿಂದ ಆಡಿನ ತೊಗಲು ತಂದು ಇದೇ ಹಂತಗಳನ್ನು ಮಾಡಿ ನೋಡಬಹುದು, ಒಬ್ಬರಿಗೂ ಆಗುತ್ತದೆ. ನಾನು ರಜೆಯಲ್ಲಿ ಊರಿಗೆ ಬಂದಾಗ ಹಿತ್ತಲಲ್ಲಿ ಒಂದು ಮಾಡಲು ಹೊರಟೆ. ನೆಂಟರೊಬ್ಬರು ಮುಖ ಹಿಂಡಿ, ಇದನ್ನೆಲ್ಲ ನಾವು ಮಾಡೋದಾ ಎಂದರು. ನಾವು ಎಂದರೆ ಏನು ಅರ್ಥ ಎಂದು ನಿಮಗೂ ಗೊತ್ತು. ಚರ್ಮದ ಚಪ್ಪಲಿ ಅವರ ಕಾಲಲ್ಲೇ ಇತ್ತು. ಅಲ್ಲಿ ಈ ಕೆಲಸ ಬಲ್ಲ ಅಜ್ಜಿ ಬಂದರೆ ಜನ ಎದ್ದು ಕುರ್ಚಿ ಕೊಡುತ್ತಾರೆ. ಇಲ್ಲಿ ತಲೆಮಾರುಗಳಿಂದ ತೊಗಲು ಹದ ಮಾಡಿದವರನ್ನು ಊರ ಹೊರಗೆ ಕೂರಿಸಿದೆವು.

ನೋಡಿಕೊಳ್ಳುವುದು

ಹೊಗೆ ಹಾಕಿದ ತೊಗಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆ ಸಾಕು. ಒದ್ದೆಯಾದರೆ ನೆರಳಲ್ಲಿ ಒಣಗಿಸಿ, ನಡುನಡುವೆ ಕೈಯಿಂದ ಎಳೆಯುತ್ತಿರಿ. ಹೀಟರ್ ಹತ್ತಿರ ಒಯ್ಯಬೇಡಿ. ಮೊದಲ ಚಳಿಗಾಲದಲ್ಲೇ ನಾನು ಹಿಮದಲ್ಲಿ ನೆನೆದ ಕೈಗವಸನ್ನು ಹೀಟರ್ ಮೇಲೆ ಮರೆತು, ಒಂದನ್ನು ಮಗುವಿನ ಕೈ ಅಳತೆಗೆ ಇಳಿಸಿಬಿಟ್ಟೆ. ಫೋಟೋ ಕಳಿಸಿದೆ. ಕೋಕಮ್ ಫೋನ್ ಮಾಡಿ, "ಅವನನ್ನ ಯಾಕೆ ಅಲ್ಲಿ ಕೂರಿಸಿದೆ?" ಎಂದು ಬೈದರು. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಂಡಿ, ಒಣಗುವವರೆಗೆ ಎಳೆದೆ. ಮುಕ್ಕಾಲು ಪಾಲು ಹಿಂದಕ್ಕೆ ಬಂತು. ಹೆಬ್ಬೆರಳು ಮಾತ್ರ ಇನ್ನೂ ಬಿಗಿ.